ಟಿಪ್ಪಣಿಸಹಿತ ಗ್ರಂಥಸೂಚಿಯೂ ಸಹಪಾಠಿಗಳ ವಿಮರ್ಶೆಯೂ

ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ವಿಧಿಸಿರುವ ಗದ್ಯರಚನೆಯ ಪಾಠಕ್ರಮದಲ್ಲಿ, ಸಂಶೋಧನ ಪ್ರಬಂಧಕ್ಕೆ ಪೂರ್ವಭಾವಿಯಾಗಿ ಮಾಡಿಸುವ ಅಭ್ಯಾಸವೊಂದುಂಟು. ವಿದ್ಯಾರ್ಥಿಯು ತಾನು ಆರಿಸಿಕೊಂಡ ವಿಷಯಕ್ಕೆ ಸಂಬಂಧಪಟ್ಟ ಎಂಟು ಹತ್ತು ಗ್ರಂಥಗಳನ್ನೋ ಲೇಖನಗಳನ್ನೋ ಹುಡುಕಿ, ಪ್ರತಿಯೊಂದರ ಕರ್ತೃ, ಶೀರ್ಷಿಕೆ, ಪ್ರಕಟಣೆಯ ಸ್ಥಳ, ವರ್ಷ ಇವುಗಳನ್ನು ಗೊತ್ತಾದ ಕ್ರಮದಲ್ಲಿ ನಮೂದಿಸಿ, ಅದರ ಕೆಳಗೆ ನೂರು ನೂರೈವತ್ತು ಪದಗಳಲ್ಲಿ ಆ ಕೃತಿ ಏನನ್ನು ಪ್ರತಿಪಾದಿಸುತ್ತದೆ, ಯಾವ ಆಧಾರದ ಮೇಲೆ ಪ್ರತಿಪಾದಿಸುತ್ತದೆ, ತನ್ನ ಪ್ರಬಂಧಕ್ಕೆ ಅದರಿಂದ ಒದಗುವ ಪ್ರಯೋಜನವೇನು ಎಂಬುದನ್ನು ಬರೆಯಬೇಕು. ಹೀಗೆ ಬರೆದುದನ್ನು ಅಧ್ಯಾಪಕರಿಗೆ ಒಪ್ಪಿಸುವ ಮುನ್ನ ತರಗತಿಯ ಇಬ್ಬರು ಮೂವರು ಸಹಪಾಠಿಗಳಿಗೆ ಕೊಟ್ಟು, ಅವರು ಕಂಡ ಗುಣದೋಷಗಳನ್ನು ಬರೆಯಿಸಿಕೊಂಡು, ಆ ಬೆಳಕಿನಲ್ಲಿ ತಿದ್ದಬೇಕು. ನೋಟಕ್ಕೆ ಸಣ್ಣದಾಗಿ ತೋರುವ ಈ ಅಭ್ಯಾಸದಲ್ಲಿ ಓದು, ಬರಹ, ವಿಮರ್ಶೆ ಎಂಬ ಮೂರು ವಿದ್ಯೆಗಳೂ ಒಂದೆಡೆ ಕೂಡುತ್ತವೆ.

ಇದರ ವಿಷಯದಲ್ಲಿ ಅಧ್ಯಾಪಕವರ್ಗದಲ್ಲಿ ಎರಡು ಅಭಿಪ್ರಾಯಗಳಿವೆ. ಓದಿದವನಿಗೂ ಓದದವನಿಗೂ ಇರುವ ಭೇದವನ್ನು ಬಯಲಿಗೆ ತರಲು ಇದಕ್ಕಿಂತ ಉತ್ತಮವಾದ ಉಪಾಯವಿಲ್ಲವೆಂಬುದು ಒಂದು ಪಕ್ಷ. ಅಲ್ಪವಿರಾಮ ಪೂರ್ಣವಿರಾಮಗಳ ಕವಾಯತಿನಲ್ಲಿ ಹುಡುಗರ ಕಾಲವನ್ನು ವ್ಯಯಮಾಡಿಸುವ ಈ ವಿಧಿ, ಏನೂ ಅರಿಯದವರು ಏನೂ ಅರಿಯದವರನ್ನು ತಿದ್ದುವ ವಿನೋದದಲ್ಲಿ ಪರ್ಯವಸಾನವಾಗುತ್ತದೆ ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ತಾವು ಕಂಡುದನ್ನೇ ಹೇಳುತ್ತಿರುವರಾದ ಕಾರಣ, ಯಾವ ಸಂದರ್ಭದಲ್ಲಿ ಈ ಅಭ್ಯಾಸ ಫಲಿಸುತ್ತದೆ, ಯಾವ ಸಂದರ್ಭದಲ್ಲಿ ಹುಸಿಯಾಗುತ್ತದೆ ಎಂಬುದನ್ನು ವಿಚಾರಿಸುವುದೇ ಸರಿಯಾದ ಮಾರ್ಗ.

ಪುಸ್ತಕದ ಹೆಸರಿನ ಜೊತೆಗೆ ಅದರ ಪರಿಚಯವನ್ನೂ ಸೇರಿಸುವ ಪದ್ಧತಿ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಮಹಾಗ್ರಂಥಾಲಯದ ಆಶ್ರಯದಲ್ಲಿ ಕಲಿಮಾಕಸ್ ಎಂಬ ಕವಿಪಂಡಿತನು ರಚಿಸಿದ ‘ಪಿನಕೀಸ್’ ಎಂಬ ಸೂಚಿ 120 ಸುರುಳಿಗಳಷ್ಟಿತ್ತೆಂದು ಹಿಂದಿನವರು ಹೇಳಿದ್ದಾರೆ. ಅದರಲ್ಲಿ ಗ್ರಂಥಕರ್ತನ ಜೀವನವೃತ್ತಾಂತ, ಕೃತಿಯ ಮೊದಲ ಸಾಲು, ಒಟ್ಟು ಸಾಲುಗಳ ಸಂಖ್ಯೆ ಇವೆಲ್ಲ ಇದ್ದುವಂತೆ. ಈಗ ಉಳಿದಿರುವುವು ಬಿಡಿ ತುಣುಕುಗಳು ಮಾತ್ರ. 9ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಫೋಟಿಯಸ್ ಎಂಬ ಧರ್ಮಾಧ್ಯಕ್ಷನು ತಾನು ಓದಿದ ಸುಮಾರು 280 ಗ್ರಂಥಗಳನ್ನು ಕುರಿತು, ಒಳಗಿರುವ ವಿಷಯವನ್ನೂ ಬರೆದವನ ಶೈಲಿಯನ್ನೂ ತೂಗಿ ನೋಡಿ, ತನ್ನ ಸೋದರನಿಗಾಗಿ ಬರೆದಿಟ್ಟನು. ಆ ಗ್ರಂಥಗಳಲ್ಲಿ ಅನೇಕವು ಕಾಲಗರ್ಭದಲ್ಲಿ ಅಡಗಿಹೋಗಿರುವುದರಿಂದ, ಅವು ಹೇಗಿದ್ದುವೆಂದು ತಿಳಿಯಲು ಇಂದಿನ ವಿದ್ವಾಂಸರಿಗೆ ಅವನ ಟಿಪ್ಪಣಿಗಳೇ ಗತಿ. ಅಚ್ಚಿನ ಯಂತ್ರ ಬಂದು ಪುಸ್ತಕಗಳು ಕೈಮೀರಿ ಬೆಳೆದ ಮೇಲೆ, ಜ್ಯೂರಿಕ್ ನಗರದ ಕಾನ್ರಾಡ್ ಗೆಸ್ನರ್ 1545ರಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳ ಬಹುಸಂಖ್ಯೆಯ ಗ್ರಂಥಕರ್ತರನ್ನು ಒಂದೇ ಸಂಪುಟದಲ್ಲಿ ಕೂಡಿಸಿ, ಅನೇಕ ಕೃತಿಗಳಿಗೆ ವಿವರಣೆಯನ್ನೂ ಸೇರಿಸಿದನು.

ನಮ್ಮ ನಾಡಿನ ಮಟ್ಟಿಗೆ ಈ ಸಂಪ್ರದಾಯದ ಮಹಾಕೃತಿ ಯಾವುದೆಂದು ಕೇಳಿದರೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919, 1929ನೆಯ ಇಸವಿಗಳಲ್ಲಿ ಹೊರಬಂದುವು, ಮೊದಲನೆಯ ಸಂಪುಟದಲ್ಲಿ ಎಸ್.ಜಿ. ನರಸಿಂಹಾಚಾರ್ಯರೂ ಸಹಭಾಗಿಗಳಾಗಿದ್ದರು. ಹೆಸರಿಗೆ ಅದು ಕವಿಗಳ ಚರಿತ್ರೆಯಾದರೂ, ಒಬ್ಬೊಬ್ಬ ಕವಿಯ ಕಾಲ, ಮತ, ಆಶ್ರಯದಾತ, ಅವನು ಸ್ತುತಿಸಿದ ಪೂರ್ವಕವಿಗಳು, ಕೃತಿಯ ವಸ್ತು, ಆಶ್ವಾಸ ಸಂಧಿಗಳ ವಿಂಗಡಣೆ, ಶೈಲಿಗೆ ಮಾದರಿಯಾಗಿ ಆಯ್ದ ಪದ್ಯಗಳು—ಹೀಗೆ ಓಲೆಯ ಪ್ರತಿಗಳನ್ನು ಬಿಚ್ಚಿ ಓದಿದವರು ಮಾತ್ರ ಬರೆಯಬಲ್ಲ ವಿವರಗಳನ್ನು ಕ್ರಮವಾಗಿ ಕೊಡುವ ಟಿಪ್ಪಣಿಗಳ ಭಂಡಾರವೇ ಅದಾಗಿದೆ. ಅಲ್ಲಿಯ ಕಾಲನಿರ್ಣಯಗಳು ಕೆಲವು ಆಮೇಲಿನ ಸಂಶೋಧನೆಯಿಂದ ತಿದ್ದುಪಡಿ ಹೊಂದಿವೆ. ಆದರೂ ಹಳಗನ್ನಡ ನಡುಗನ್ನಡ ಸಾಹಿತ್ಯದ ಅಭ್ಯಾಸಿ ಇಂದಿಗೂ ಅದನ್ನು ದಾಟಿ ಹೋಗಲಾರ. ನಿರ್ಣಯದ ಜೊತೆಗೆ ಅದರ ಆಧಾರವನ್ನೂ ಆಚಾರ್ಯರು ಎದುರಿಗಿಟ್ಟಿದ್ದರಿಂದಲೇ ಅವರನ್ನು ತಿದ್ದುವುದು ಹಿಂದಿನಿಂದ ಬಂದವರಿಗೆ ಸಾಧ್ಯವಾಯಿತು. ಒಳ್ಳೆಯ ಟಿಪ್ಪಣಿಯ ಒಂದು ಮುಖ್ಯ ಲಕ್ಷಣ ಇಲ್ಲಿಯೇ ಸಿಕ್ಕುತ್ತದೆ: ಓದುವವನು ಅದನ್ನು ಪರೀಕ್ಷಿಸುವಂತಿರಬೇಕು.

ಕಾಲೇಜಿನ ಅಭ್ಯಾಸದಲ್ಲಿ ಈ ವಿದ್ಯೆ ಎರಡು ಭಾಗವಾಗಿ ಒಡೆದುಕೊಂಡಿದೆ. ಒಂದು, ನಮೂದಿನ ಬಾಹ್ಯರೂಪ. ಇದಕ್ಕೆ 1906ರಲ್ಲಿ ಮೊದಲು ಅಚ್ಚಾದ ಷಿಕಾಗೋ ಕೈಪಿಡಿ, ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಕೈಪಿಡಿ, ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕೈಪಿಡಿ ಎಂಬ ಮೂರು ಪ್ರಮಾಣಗ್ರಂಥಗಳಿವೆ. ಮತಭೇದಗಳಂತೆ ಅವುಗಳ ಅನುಯಾಯಿಗಳೂ ಬೇರೆ ಬೇರೆ. ಇಲ್ಲಿ ಹೆಚ್ಚು ಹೇಳಬೇಕಾದುದಿಲ್ಲ; ನಿಯಮವನ್ನು ನೋಡಿ ಬರೆದರೆ ಮುಗಿಯಿತು. ಎರಡನೆಯದು ಟಿಪ್ಪಣಿಯ ಅಂತರಂಗ. ಇದರಲ್ಲಿ ಸಂಗ್ರಹ, ಮೌಲ್ಯನಿರ್ಣಯ, ವಿನಿಯೋಗ ಎಂದು ಮೂರು ಅಂಗಗಳುಂಟು. ಜೋಸೆಫ್ ಬಿಜಪ್ ಎಂಬ ವಿದ್ವಾಂಸರು 2008ರ ಲೇಖನವೊಂದರಲ್ಲಿ ಈ ಮೂರನೆಯ ಅಂಗವನ್ನು ವಿಶದಪಡಿಸಿದರು. ಗ್ರಂಥವೊಂದನ್ನು ಬರಹಗಾರನು ಹಿನ್ನೆಲೆಯ ಸಂಗತಿಗಾಗಿ ಬಳಸಬಹುದು, ವಿಶ್ಲೇಷಣೆಗೆ ಒಡ್ಡಿದ ಸಾಕ್ಷ್ಯವಾಗಿ ಬಳಸಬಹುದು, ವಾದಕ್ಕೆ ಎದುರುವಾದವಾಗಿ ಬಳಸಬಹುದು, ಅಥವಾ ಅದರಿಂದ ವಿಚಾರದ ವಿಧಾನವನ್ನೇ ಎರವಲು ಪಡೆಯಬಹುದು. ಒಂದೇ ಪುಸ್ತಕ ಒಬ್ಬನಿಗೆ ಹಿನ್ನೆಲೆ, ಇನ್ನೊಬ್ಬನಿಗೆ ಸಾಕ್ಷ್ಯ. ಬಿ.ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು ಹೊಯ್ಸಳರ ಆಡಳಿತವನ್ನು ಕುರಿತು ಬರೆಯುವವನಿಗೆ ಶಾಸನಗಳ ಆಕರವಾದರೆ, ಬ್ರಿಟಿಷರ ಕಾಲದ ಪಾಂಡಿತ್ಯವನ್ನು ಕುರಿತು ಬರೆಯುವವನಿಗೆ ಅವೇ ಪರೀಕ್ಷಾವಸ್ತುವಾಗುತ್ತವೆ. ಹೀಗೆ ವಿನಿಯೋಗವನ್ನು ಹೇಳದ ಟಿಪ್ಪಣಿ ಯಾರ ಪ್ರಬಂಧಕ್ಕೆ ಬೇಕಾದರೂ ಅಂಟಿಕೊಳ್ಳುವಂತಿರುತ್ತದೆ; ಎಂದರೆ ಯಾರಿಗೂ ಸೇರಿರುವುದಿಲ್ಲ.

ಈ ಎರಡು ಭಾಗಗಳಲ್ಲಿ ತಪ್ಪು ಕಾಣುವುದು ಸುಲಭವಾಗಿರುವುದು ಬಾಹ್ಯರೂಪದಲ್ಲಿ; ತಪ್ಪು ಮಾಡಿದರೆ ಹಾನಿ ಹೆಚ್ಚಾಗಿರುವುದು ಅಂತರಂಗದಲ್ಲಿ. ವಿದ್ಯಾರ್ಥಿಗಳು ನಿಜವಾಗಿ ಹೇಗೆ ಓದುತ್ತಾರೆಂಬುದನ್ನು ರೆಬೆಕಾ ಮೂರ್ ಹೊವರ್ಡ್ ಮತ್ತು ಸಾಂಡ್ರಾ ಜೇಮಿಸನ್ ಎಂಬ ವಿದುಷಿಯರು ಬಹುಶ್ರಮದಿಂದ ಪರಿಶೀಲಿಸಿದ್ದಾರೆ. ಅಮೆರಿಕದ 16 ಕಾಲೇಜುಗಳ 174 ಪ್ರಬಂಧಗಳನ್ನು ತೆಗೆದುಕೊಂಡು, ಪ್ರತಿಯೊಂದು ಉಲ್ಲೇಖವನ್ನೂ ಮೂಲದೊಡನೆ ಹೋಲಿಸಿ ನೋಡಿದಾಗ, ನೂರಕ್ಕೆ 46ರಷ್ಟು ಉಲ್ಲೇಖಗಳು ಮೂಲಗ್ರಂಥದ ಮೊದಲ ಪುಟದಿಂದಲೇ ಬಂದಿದ್ದುವು. ಮೊದಲ ಮೂರು ಪುಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಪ್ರಮಾಣ ನೂರಕ್ಕೆ 77ನ್ನು ಮುಟ್ಟಿತು. ವಾಕ್ಯವನ್ನು ಎತ್ತಿ ಇಡುವುದೂ, ಅಲ್ಲೊಂದು ಇಲ್ಲೊಂದು ಪದವನ್ನು ಬದಲಾಯಿಸಿ ತನ್ನದೆಂಬಂತೆ ಬರೆಯುವುದೂ ಧಾರಾಳವಾಗಿದ್ದುವೇ ಹೊರತು, ಇಡಿಯ ವಾದವನ್ನು ಜೀರ್ಣಿಸಿಕೊಂಡು ಸ್ವಂತ ಮಾತಿನಲ್ಲಿ ಸಂಗ್ರಹಿಸಿದ ಸ್ಥಳಗಳು ತೀರ ವಿರಳವಾಗಿದ್ದುವು. ಇದನ್ನು ಕೇವಲ ಸೋಮಾರಿತನವೆಂದು ತಳ್ಳಿಹಾಕಲಾಗದು; ಅಪರಿಚಿತವಾದ ಶಾಸ್ತ್ರದ ಅಪರಿಚಿತವಾದ ಭಾಷೆಯ ಎದುರಿಗೆ ನಿಂತ ಹದಿನೆಂಟು ವರ್ಷದ ಹುಡುಗನಿಗೆ ಬಾಗಿಲ ಬಳಿಯಲ್ಲೇ ನಿಲ್ಲುವುದು ಸಹಜ. ಅವನನ್ನು ಒಳಕ್ಕೆ ಕರೆಯುವುದಕ್ಕಾಗಿಯೇ ಟಿಪ್ಪಣಿಯ ಅಭ್ಯಾಸ ಹುಟ್ಟಿರುವುದು.

ಒಳಕ್ಕೆ ಹೋಗದ ಉಲ್ಲೇಖದಿಂದ ಆಗುವ ಅನರ್ಥಕ್ಕೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ಪ್ರಖ್ಯಾತ ನಿದರ್ಶನವಿದೆ. 1980ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಪತ್ರವಿಭಾಗದಲ್ಲಿ ಪೋರ್ಟರ್ ಮತ್ತು ಜಿಕ್ ಎಂಬವರು ಐದೇ ವಾಕ್ಯಗಳ ಕಿರುಪತ್ರವೊಂದನ್ನು ಪ್ರಕಟಿಸಿದರು. ಆಸ್ಪತ್ರೆಯಲ್ಲಿದ್ದ ರೋಗಿಗಳ ದಾಖಲೆಗಳಲ್ಲಿ, ಅಫೀಮು ವರ್ಗದ ನೋವುನಿವಾರಕವನ್ನು ಒಮ್ಮೆಯಾದರೂ ಪಡೆದ 11,882 ಮಂದಿಯ ಪೈಕಿ, ಹಿಂದೆ ಚಟದ ಇತಿಹಾಸವಿಲ್ಲದೆ ಹೊಸದಾಗಿ ಚಟಕ್ಕೆ ಒಳಗಾದವರು ನಾಲ್ವರು ಮಾತ್ರ ಕಂಡುಬಂದರೆಂಬುದು ಅದರ ತಾತ್ಪರ್ಯ. ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ ಕೊಟ್ಟ ಔಷಧಕ್ಕೆ ಸಂಬಂಧಿಸಿದ ಈ ಮಾತು, ಮನೆಯಲ್ಲಿ ತಿಂಗಳುಗಟ್ಟಲೆ ಔಷಧ ಸೇವಿಸುವ ದೀರ್ಘರೋಗಿಯ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಆದರೆ 2017ರಲ್ಲಿ ಕೆನಡದ ಸಂಶೋಧಕರು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಆ ಪತ್ರವನ್ನು ಉಲ್ಲೇಖಿಸಿದ ಬರಹಗಳು 608. ಅವುಗಳಲ್ಲಿ 439 ಬರಹಗಳು ಅದನ್ನು ಚಟ ಅಪರೂಪವೆಂಬುದಕ್ಕೆ ಪ್ರಮಾಣವಾಗಿ ಎತ್ತಿಕೊಂಡಿದ್ದುವು. ರೋಗಿಗಳು ಆಸ್ಪತ್ರೆಯಲ್ಲಿದ್ದವರೆಂಬ ಒಂದು ಮಾತನ್ನು 491 ಬರಹಗಳು ಹೇಳಿರಲೇ ಇಲ್ಲ. ಅಮೆರಿಕದಲ್ಲಿ ಆ ಔಷಧಗಳು ತಂದ ಚಟದ ಮಹಾವಿಪತ್ತಿಗೆ ಕಾರಣಗಳು ಹಲವಾದರೂ, ಈ ಪತ್ರದ ದುರುಲ್ಲೇಖವೂ ವೈದ್ಯರ ಭಯವನ್ನು ಕಳೆಯುವುದರಲ್ಲಿ ಪಾಲುಗೊಂಡಿತೆಂದು ಆ ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ.

ಇದೇ ಪತ್ರಕ್ಕೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಟಿಪ್ಪಣಿ ಬರೆದನೆಂದು ಇಟ್ಟುಕೊಳ್ಳೋಣ. ಅವನ ಮೊದಲ ಕರಡು ಹೀಗಿರಬಹುದು: ‘ಇದು ನೋವುನಿವಾರಕಗಳ ಚಟವನ್ನು ಕುರಿತದ್ದು. ಪ್ರತಿಷ್ಠಿತ ಪತ್ರಿಕೆಯಲ್ಲಿ ಬಂದಿದೆ. ಚಟ ಬಹಳ ಅಪರೂಪವೆಂದು ಲೇಖಕರು ಸಾಬೀತುಪಡಿಸಿದ್ದಾರೆ. ನನ್ನ ಪ್ರಬಂಧಕ್ಕೆ ಬಹಳ ಉಪಯುಕ್ತವಾಗಿದೆ.’ ಈ ನಾಲ್ಕು ವಾಕ್ಯಗಳಲ್ಲಿ ವ್ಯಾಕರಣದೋಷವಿಲ್ಲ, ಮೇಲಿನ ನಮೂದಿನಲ್ಲಿ ವಿರಾಮಚಿಹ್ನೆಯ ದೋಷವೂ ಇರಲಾರದು. ಇದನ್ನಷ್ಟೇ ಓದಿದ ಸಹಪಾಠಿ ‘ಚೆನ್ನಾಗಿದೆ’ ಎಂದು ಬರೆದು ಹಿಂದಿರುಗಿಸುತ್ತಾನೆ. ಮೂಲಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಓದಿದ ಸಹಪಾಠಿಯಾದರೋ ಅಂಚಿನಲ್ಲಿ ಮೂರು ಪ್ರಶ್ನೆಗಳನ್ನು ಬರೆಯುತ್ತಾನೆ: ರೋಗಿಗಳು ಎಲ್ಲಿದ್ದವರು? ಔಷಧವನ್ನು ಎಷ್ಟು ಕಾಲ ಪಡೆದರೆಂದು ಪತ್ರದಲ್ಲಿದೆಯೇ? ಐದು ವಾಕ್ಯದ ಪತ್ರ ಏನನ್ನಾದರೂ ಸಾಬೀತುಪಡಿಸಿತೆಂದು ಹೇಳಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಕೊಡಲು ಹೊರಟ ವಿದ್ಯಾರ್ಥಿ ಎರಡನೆಯ ಕರಡಿನಲ್ಲಿ ಬೇರೆಯೇ ಮಾತನ್ನು ಬರೆಯಬೇಕಾಗುತ್ತದೆ: ‘ಆಸ್ಪತ್ರೆಯಲ್ಲಿದ್ದ ರೋಗಿಗಳ ದಾಖಲೆಗಳನ್ನು ಆಧರಿಸಿದ ಕಿರುಪತ್ರ. ಔಷಧದ ಅವಧಿ, ಪ್ರಮಾಣ, ಬಿಡುಗಡೆಯ ಅನಂತರದ ಸ್ಥಿತಿ ಇವುಗಳ ವಿವರವಿಲ್ಲ. ದೀರ್ಘಕಾಲದ ಸೇವನೆಯ ವಿಷಯದಲ್ಲಿ ಇದು ಪ್ರಮಾಣವಾಗಲಾರದು. ಸಣ್ಣ ಆಧಾರದ ಮೇಲೆ ದೊಡ್ಡ ನಂಬಿಕೆ ಹೇಗೆ ಬೆಳೆಯಿತೆಂಬುದಕ್ಕೆ ಸಾಕ್ಷ್ಯವಾಗಿ ಬಳಸುತ್ತೇನೆ.’ ವಿದ್ಯಾರ್ಥಿ ಅದೇ, ಆಕರ ಅದೇ. ನಡುವೆ ಬಂದುದು ಮೂಲವನ್ನು ತೆರೆದ ಇನ್ನೊಬ್ಬನ ಕಣ್ಣು.

ಈ ಇನ್ನೊಬ್ಬನ ಕಣ್ಣಿನ ಮೇಲೆ ಭರವಸೆಯಿಡುವ ಬೋಧನಕ್ರಮಕ್ಕೂ ಒಂದು ಚರಿತ್ರೆಯಿದೆ. ಲಂಡನ್ನಿನಲ್ಲಿ ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಅಬರ್‌ಕ್ರಾಂಬಿ ಎಂಬ ವಿದುಷಿ 1960ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ರೋಗಲಕ್ಷಣವನ್ನು ಗುಂಪಿನಲ್ಲಿ ಚರ್ಚಿಸಿ ನಿರ್ಣಯಕ್ಕೆ ಬರುವ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕಲಿಯುವವರಿಗಿಂತ ಬೇಗ ವಿವೇಚನೆಯನ್ನು ಪಡೆಯುತ್ತಾರೆಂದು ತೋರಿಸಿದರು. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯವು ಪ್ರೌಢಶಾಲೆಯನ್ನು ಮುಗಿಸಿದ ಎಲ್ಲರಿಗೂ ಬಾಗಿಲನ್ನು ತೆರೆದಾಗ, ಅದುವರೆಗೆ ಕಾಲೇಜಿನ ಮೆಟ್ಟಿಲನ್ನು ಹತ್ತದಿದ್ದ ಕುಟುಂಬಗಳ ಮಕ್ಕಳು ಅಪಾರ ಸಂಖ್ಯೆಯಲ್ಲಿ ಬಂದು ಸೇರಿದರು. ಹಳೆಯ ಬೋಧನಕ್ರಮದಿಂದ ಅವರನ್ನು ಮುಟ್ಟುವುದು ದುಸ್ಸಾಧ್ಯವಾಯಿತು. ಅಲ್ಲಿಯ ಬ್ರೂಕ್ಲಿನ್ ಕಾಲೇಜಿನ ಕೆನೆತ್ ಬ್ರಫಿ ಆ ಅನುಭವದಿಂದ ಹೊರಟು, ಅಬರ್‌ಕ್ರಾಂಬಿಯವರ ಫಲಿತಾಂಶವನ್ನೂ ಆಧಾರವಾಗಿಟ್ಟುಕೊಂಡು, ವಿದ್ಯೆಯೆಂಬುದು ಒಂದು ಸಮುದಾಯದ ಸಂವಾದದಲ್ಲಿ ಪಾಲುಗೊಳ್ಳುವ ಶಕ್ತಿಯೆಂದು 1984ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಪೀಟರ್ ಎಲ್ಬೊ ಅವರು 1973ರಷ್ಟು ಹಿಂದೆಯೇ ಅಧ್ಯಾಪಕನಿಲ್ಲದ ಬರಹಗಾರರ ಕೂಟಗಳ ವಿಷಯವಾಗಿ ಗ್ರಂಥ ಬರೆದಿದ್ದರು.

ಇದು ಬರಿಯ ಆದರ್ಶವೋ, ಪರೀಕ್ಷೆಗೆ ನಿಲ್ಲುವ ಮಾತೋ ಎಂದು ಕೇಳುವವರಿಗೆ 2009ರಲ್ಲಿ ಲುಂಡ್‌ಸ್ಟ್ರಮ್ ಮತ್ತು ಬೇಕರ್ ಪ್ರಕಟಿಸಿದ ಅಧ್ಯಯನ ಒಂದು ಉತ್ತರವಾಗಿದೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದ 9 ತರಗತಿಗಳ 91 ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರು ಅನ್ಯರ ಬರಹವನ್ನು ವಿಮರ್ಶಿಸಬೇಕು, ಆದರೆ ತಾವು ವಿಮರ್ಶೆ ಪಡೆಯಬಾರದೆಂದೂ, ಇನ್ನೊಂದು ಪಂಗಡದವರು ಬಂದ ವಿಮರ್ಶೆಯನ್ನು ಉಪಯೋಗಿಸಿಕೊಂಡು ತಿದ್ದುವುದನ್ನು ಕಲಿಯಬೇಕು, ಆದರೆ ತಾವು ವಿಮರ್ಶಿಸಬಾರದೆಂದೂ ಗೊತ್ತುಮಾಡಲಾಯಿತು. ಅವಧಿಯ ಕೊನೆಯಲ್ಲಿ ಸ್ವಂತ ಬರಹದಲ್ಲಿ ಹೆಚ್ಚು ಪ್ರಗತಿಯನ್ನು ತೋರಿದವರು ಕೊಟ್ಟವರೇ ಹೊರತು ಪಡೆದವರಲ್ಲ. ಅದರಲ್ಲಿಯೂ ಭಾಷೆಯಲ್ಲಿ ಹಿಂದಿದ್ದವರಿಗೆ ಆದ ಲಾಭ ಅಧಿಕ. ಏನೂ ಅರಿಯದವರು ಏನೂ ಅರಿಯದವರನ್ನು ತಿದ್ದುತ್ತಾರೆಂಬ ಆಕ್ಷೇಪದ ಬಲ ಇದರಿಂದ ಬಹುಮಟ್ಟಿಗೆ ಕುಗ್ಗುತ್ತದೆ. ವಿಮರ್ಶಕನು ಕೊಟ್ಟ ಸಲಹೆ ದುರ್ಬಲವಾಗಿದ್ದರೂ, ಸಲಹೆ ಕೊಡಲು ಅವನು ಪಟ್ಟ ಪ್ರಯಾಸ ಅವನಲ್ಲಿಯೇ ಉಳಿದು ಫಲ ಕೊಡುತ್ತದೆ.

ಆದರೂ ತರಗತಿಗಳಲ್ಲಿ ಸಹಪಾಠಿ ವಿಮರ್ಶೆ ಸೋಲುವುದನ್ನು ಕಾಣದವರಿಲ್ಲ. ಸ್ನೇಹಕ್ಕೆ ಎರವಾಗುವ ಭಯ ಒಂದು ಕಾರಣ; ತೆಗಳಿದರೆ ಗೆಳೆಯನ ಅಂಕ ಕಡಮೆಯಾದೀತೆಂಬ ಕರುಣೆ ಇನ್ನೊಂದು; ತನಗಿಂತ ಸೊಗಸಾಗಿ ಇಂಗ್ಲಿಷ್ ಮಾತನಾಡುವವನ ಬರಹದಲ್ಲಿ ದೋಷವೆಣಿಸಲು ತಾನೆಷ್ಟರವನೆಂಬ ಸಂಕೋಚ ಮತ್ತೊಂದು. ಇವೆಲ್ಲಕ್ಕಿಂತ ದೊಡ್ಡದಾದ ಕಾರಣವನ್ನು, ವಿಮರ್ಶಕರಿಗಾಗಿ ಪ್ರಶ್ನಾವಳಿಗಳನ್ನು ಸಿದ್ಧಪಡಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ. ವಿಮರ್ಶಕನ ಕೈಗೆ ಟಿಪ್ಪಣಿಯನ್ನು ಮಾತ್ರ ಕೊಟ್ಟು, ಅದು ಯಾವುದನ್ನು ಕುರಿತು ಬರೆದುದೋ ಆ ಕೃತಿಯನ್ನು ಕೊಡದಿರುವುದೇ ಆ ಕಾರಣ. ಕಥೆಯನ್ನೋ ಸ್ವಾನುಭವದ ಪ್ರಬಂಧವನ್ನೋ ಓದಿ ಅಭಿಪ್ರಾಯ ಹೇಳುವುದಕ್ಕೆ ಆ ಬರಹವೊಂದಿದ್ದರೆ ಸಾಕು. ಟಿಪ್ಪಣಿಯಾದರೋ ಮತ್ತೊಂದು ಕೃತಿಯ ಪರವಾಗಿ ಸಾಕ್ಷಿ ನುಡಿಯುವ ಬರಹ. ಚಿನ್ನವನ್ನು ಒರೆಗಲ್ಲಿಗೆ ತಾಗಿಸದೆ ಹೊಳಪು ನೋಡಿ ಬೆಲೆ ಕಟ್ಟುವ ಅಕ್ಕಸಾಲಿಯಿಲ್ಲ. ಮೂಲವನ್ನು ನೋಡದೆ ಟಿಪ್ಪಣಿಯನ್ನು ವಿಮರ್ಶಿಸುವವನಿಗೂ ಕಾಣುವುದು ಭಾಷೆಯ ಹೊಳಪು ಮಾತ್ರ. ಆಗ ಅವನು ಅಲ್ಪವಿರಾಮವನ್ನು ತಿದ್ದುತ್ತಾನೆ, ಓರೆ ಅಕ್ಷರಗಳನ್ನು ಎಣಿಸುತ್ತಾನೆ, ಕಾಗುಣಿತಕ್ಕೆ ಗೀಟು ಹಾಕುತ್ತಾನೆ. ತಪ್ಪು ಅವನದಲ್ಲ, ಅವನಿಗೆ ತೋರಿಸಿದ್ದು ಅಷ್ಟೇ. ಎರಡನೆಯ ಪಕ್ಷದವರ ದೂರು ಹುಟ್ಟಿರುವುದು ಇಂಥ ತರಗತಿಗಳಲ್ಲಿ.

ಈಚಿನ ವರ್ಷಗಳಲ್ಲಿ ಈ ಮಾತಿಗೆ ಹೊಸ ತೀವ್ರತೆ ಬಂದಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಬರೆಯುವ ಯಂತ್ರ ಸಾರ್ವಜನಿಕರ ಕೈಗೆ ಬಂದ ಮೇಲೆ, ಪುಸ್ತಕವನ್ನು ಮುಟ್ಟದೆಯೇ ಹದವಾದ ಟಿಪ್ಪಣಿಯನ್ನು ಕ್ಷಣಾರ್ಧದಲ್ಲಿ ಪಡೆಯುವುದು ಸಾಧ್ಯವಾಗಿದೆ; ಕೆಲವೊಮ್ಮೆ ಪುಸ್ತಕವೇ ಇಲ್ಲದಿದ್ದರೂ ಟಿಪ್ಪಣಿ ಸಿಕ್ಕುತ್ತದೆ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಿಮಾನಸಂಸ್ಥೆಯೊಂದರ ವಿರುದ್ಧ ಹೂಡಿದ್ದ ದಾವೆಯಲ್ಲಿ, ವಕೀಲರು ಯಂತ್ರವು ಕಲ್ಪಿಸಿ ಕೊಟ್ಟ, ಎಂದೂ ನಡೆದಿರದ ಮೊಕದ್ದಮೆಗಳನ್ನು ಪೂರ್ವನಿರ್ಣಯಗಳೆಂದು ಉಲ್ಲೇಖಿಸಿ 5000 ಡಾಲರ್ ದಂಡ ತೆತ್ತ ಪ್ರಸಂಗವನ್ನು ಲೋಕವೆಲ್ಲ ಬಲ್ಲದು. ಆ ಉಲ್ಲೇಖಗಳ ಬಾಹ್ಯರೂಪ ನಿಜವಾದ ಉಲ್ಲೇಖಗಳಂತೆಯೇ ಇದ್ದಿತು. ರೂಪವನ್ನು ನೋಡಿ ಸತ್ಯವನ್ನು ಊಹಿಸುವ ಕಾಲ ಮುಗಿಯಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಮೂಲವನ್ನು ತಂದು ಮೇಜಿನ ಮೇಲಿಡಬೇಕೆಂಬ ಒಂದೇ ನಿಯಮ ಇಂಥ ಕಲ್ಪಿತ ಗ್ರಂಥಗಳನ್ನು ತರಗತಿಯ ಹೊಸ್ತಿಲಲ್ಲೇ ತಡೆಯುತ್ತದೆ.

ನಮ್ಮ ವಿಶ್ವವಿದ್ಯಾಲಯಗಳಿಗೂ ಈ ವಿಚಾರ ಸಂಬಂಧಪಟ್ಟದ್ದೇ. ಮಹಾಪ್ರಬಂಧಗಳ ಕೊನೆಯಲ್ಲಿ ಗ್ರಂಥಋಣವೆಂಬ ಶೀರ್ಷಿಕೆಯಡಿ ಪುಟಗಟ್ಟಲೆ ಪಟ್ಟಿ ಕೊಡುವ ವಾಡಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆ ಪಟ್ಟಿಯಲ್ಲಿ ಯಾವುದನ್ನು ಪೂರ್ತಿ ಓದಿದ್ದು, ಯಾವುದನ್ನು ತಿರುವಿಹಾಕಿದ್ದು, ಯಾವುದನ್ನು ಇನ್ನೊಬ್ಬರ ಪಟ್ಟಿಯಿಂದ ಇಳಿಸಿಕೊಂಡದ್ದು ಎಂದು ತಿಳಿಯುವ ಮಾರ್ಗವಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯದ ನಿವಾರಣೆಗಾಗಿ ಹೊರಡಿಸಿದ ನಿಯಮಾವಳಿ, ನೂರಕ್ಕೆ 10ರವರೆಗಿನ ಸಾಮ್ಯವನ್ನು ಅಲ್ಪವೆಂದು ಮನ್ನಿಸಿ, ಅದಕ್ಕೆ ಮೇಲ್ಪಟ್ಟುದಕ್ಕೆ ಮೂರು ಹಂತಗಳ ದಂಡನೆಯನ್ನು ವಿಧಿಸಿದೆ. ಆದರೆ ಸಾಮ್ಯವನ್ನು ಅಳೆಯುವಾಗ ಉಲ್ಲೇಖಗಳನ್ನೂ ಗ್ರಂಥಸೂಚಿಯನ್ನೂ ಲೆಕ್ಕದಿಂದ ಬಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಇದು ನ್ಯಾಯವೇ, ಪುಸ್ತಕದ ಹೆಸರನ್ನು ಎಲ್ಲರೂ ಒಂದೇ ರೀತಿ ಬರೆಯತಕ್ಕದ್ದಷ್ಟೆ. ಆದರೆ ಸಾಮ್ಯವನ್ನು ಅಳೆಯುವ ಯಂತ್ರ ನೋಡದ ಆ ಪುಟಗಳನ್ನು ಮನುಷ್ಯರೂ ನೋಡದೆ ಹೋದರೆ ಅಲ್ಲಿ ಏನು ಬೇಕಾದರೂ ಅಡಗಬಹುದು. ಪಿಎಚ್.ಡಿ. ಅಭ್ಯರ್ಥಿಗಳಿಗೆ ಸಂಶೋಧನ ವಿಧಾನದ ಪಾಠಕ್ರಮ ಕಡ್ಡಾಯವಾಗಿರುವುದರಿಂದ, ಟಿಪ್ಪಣಿಸಹಿತ ಗ್ರಂಥಸೂಚಿಗೆ ಹೊಸ ಸ್ಥಾನವನ್ನು ಕಲ್ಪಿಸಬೇಕಾದ ಅಗತ್ಯವೂ ಇಲ್ಲ. ಗ್ರಂಥಾಲಯಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಪ್ರಲೇಖನ (ಡಾಕ್ಯುಮೆಂಟೇಷನ್) ವಿದ್ಯೆಯ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದ್ದು ಬೆಂಗಳೂರಿನಲ್ಲಿಯೇ. ಗ್ರಂಥಪಾಲರಿಗೆ ಪರಿಚಿತವಾದ ಆ ಶಿಸ್ತನ್ನು ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಹಂಚುವುದಷ್ಟೇ ಉಳಿದಿರುವ ಕೆಲಸ. ಕನ್ನಡದಲ್ಲಿ ಟಿಪ್ಪಣಿ ಬರೆಯಿಸುವುದರಿಂದ ಇನ್ನೊಂದು ಲಾಭವೂ ಉಂಟು: ಇಂಗ್ಲಿಷ್ ಲೇಖನದ ತಲೆಯಲ್ಲಿ ಅಚ್ಚಾಗಿರುವ ಸಾರಾಂಶವನ್ನು ಹಾಗೆಯೇ ಇಳಿಸಿಕೊಳ್ಳುವ ದಾರಿ ಮುಚ್ಚಿಹೋಗಿ, ಅರ್ಥ ಮಾಡಿಕೊಂಡಲ್ಲದೆ ಒಂದು ವಾಕ್ಯವೂ ಮುಂದೆ ಸಾಗುವುದಿಲ್ಲ.

ಈವರೆಗಿನ ವಿಚಾರದಿಂದ ಅಧ್ಯಾಪಕರು ಅನುಸರಿಸಬಹುದಾದ ಕೆಲವು ನಿಶ್ಚಯಗಳು ಒದಗುತ್ತವೆ. ಹದಿನೈದು ಆಕರಗಳ ಮೇಲೆ ಹದಿನೈದು ತೆಳುವಾದ ಟಿಪ್ಪಣಿಗಳನ್ನು ಕೇಳುವುದಕ್ಕಿಂತ ನಾಲ್ಕೈದು ಆಕರಗಳನ್ನು ಕೊನೆಯ ಪುಟದವರೆಗೆ ಓದಿಸಿ ಬರೆಯಿಸುವುದು ಮೇಲು. ಬಾಹ್ಯರೂಪದ ಪರಿಶೀಲನೆಯನ್ನು ಕೈಪಿಡಿಗೆ ಬಿಟ್ಟು, ಸಹಪಾಠಿಯ ಸಮಯವನ್ನೆಲ್ಲ ಟಿಪ್ಪಣಿಗೂ ಮೂಲಕ್ಕೂ ಇರುವ ಸಂಬಂಧದ ಪರಿಶೀಲನೆಗೆ ಮೀಸಲಿಡಬೇಕು. ವಿಮರ್ಶಕನು ಮೂಲದ ಇಂಥ ಪುಟದಲ್ಲಿ ಇಂಥ ಮಾತಿದೆ, ಟಿಪ್ಪಣಿಯಲ್ಲಿ ಅದು ಹೀಗೆ ಬಂದಿದೆ ಎಂದು ಒಂದು ಸ್ಥಳವನ್ನಾದರೂ ಎತ್ತಿ ತೋರಿಸಲೇಬೇಕು. ಹಾಗೆ ತೋರಿಸದ ವಿಮರ್ಶೆಯನ್ನು, ಅದು ಹೊಗಳಿಕೆಯಾಗಿರಲಿ ತೆಗಳಿಕೆಯಾಗಿರಲಿ, ಹಿಂದಿರುಗಿಸತಕ್ಕದ್ದು. ವಿಮರ್ಶೆಯಿಂದ ಹೆಚ್ಚಿನ ಲಾಭ ವಿಮರ್ಶಕನಿಗೇ ಆದುದರಿಂದ ಟಿಪ್ಪಣಿಗೆ ಕೊಡುವಷ್ಟೇ ಅಂಕಗಳನ್ನು ವಿಮರ್ಶೆಗೂ ಕೊಡುವುದು ಯುಕ್ತ. ಇದಕ್ಕೆ ಕಾಲ ಹೆಚ್ಚು ಹಿಡಿಯುತ್ತದೆ, ಅರುವತ್ತು ಎಪ್ಪತ್ತು ಮಂದಿಯ ತರಗತಿಗಳಲ್ಲಿ ಕಷ್ಟವೂ ಆಗುತ್ತದೆ. ಆದುದರಿಂದಲೇ ಆಕರಗಳ ಸಂಖ್ಯೆಯನ್ನು ಮೊಟಕುಗೊಳಿಸಬೇಕೆಂದು ಹೇಳಿದ್ದು. ಇಷ್ಟನ್ನು ಮಾಡಲು ಸಿದ್ಧರಿಲ್ಲದ ಪಕ್ಷದಲ್ಲಿ ಸಹಪಾಠಿ ವಿಮರ್ಶೆಯನ್ನು ಕೈಬಿಟ್ಟು, ಆ ಗಂಟೆಯನ್ನು ಗ್ರಂಥಾಲಯದಲ್ಲಿ ಓದಲು ಬಿಡುವುದೇ ವಿದ್ಯಾರ್ಥಿಗಳಿಗೆ ಹೆಚ್ಚು ಉಪಕಾರ.